ತಟ್ಟೆಯ ಕೊನೆಯಲ್ಲಿ ಹೇಳಿದ ಹೆಸರು

(ಮೈಸೂರಿನಲ್ಲಿ ಯುವ ಗಾಯಕರು ಮತ್ತು ಗೀತರಚನೆಕಾರರ ಎದುರು ಆಡಿದ ಮಾತುಗಳನ್ನು ತಿದ್ದಿ, ಅಲ್ಲಲ್ಲಿ ಬೆಳೆಸಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ನಿಂತು ಹಾಡು ಮತ್ತು ಹಣದ ವಿಷಯ ಮಾತನಾಡುವವರು ಗೌಹರ್ ಜಾನ್ ಅವರನ್ನು ನೆನೆಯದೆ ಮುಂದೆ ಹೋಗಬಾರದು ಎಂದು ನನಗೆ ಅನ್ನಿಸುತ್ತದೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಅವರ ಹಾಡುಗಳನ್ನು ಮುದ್ರಿಸಿಕೊಂಡ. ಆ ತಟ್ಟೆಗಳನ್ನು ಇಂದು ಕೇಳಿದರೆ, ಹಾಡು ಮುಗಿಯುತ್ತಿದ್ದಂತೆಯೇ ಆಕೆ ಇಂಗ್ಲಿಷಿನಲ್ಲಿ ‘ನನ್ನ ಹೆಸರು ಗೌಹರ್ ಜಾನ್’ ಎಂದು ಕೂಗಿ ಹೇಳುವುದು ಕೇಳಿಸುತ್ತದೆ. ನಾವು ಅದನ್ನು ದೊಡ್ಡ ಗಾಯಕಿಯೊಬ್ಬರ ಠೀವಿ ಎಂದುಕೊಳ್ಳುತ್ತೇವೆ. ಆದರೆ ಅದಕ್ಕೆ ಕಾರ್ಖಾನೆಯ ಕಾರಣವೊಂದಿತ್ತು. ಮೂಲ ಮುದ್ರಿಕೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಿತ್ತು. ಹಾಡಿನ ಭಾಷೆಯಾಗಲಿ ದನಿಯಾಗಲಿ ಗೊತ್ತಿಲ್ಲದ ಅಲ್ಲಿನ ಕೆಲಸಗಾರನಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕು ಎಂಬುದು ಆ ಕೂಗಿನಿಂದಲೇ ತಿಳಿಯಬೇಕಿತ್ತು. ಒಂದು ಕಾಲಕ್ಕೆ ದೇಶದಲ್ಲೆಲ್ಲ ಹೆಸರು ಮಾಡಿದ್ದ ಆಕೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು, 1930ರ ಜನವರಿಯಲ್ಲಿ ಇದೇ ಊರಿನಲ್ಲಿ, ಅಡಚಣೆಯ ದಿನಗಳಲ್ಲೇ ತೀರಿಕೊಂಡರು. ಈ ಕಥೆಯ ಕೊನೆಯ ಭಾಗವನ್ನು ನಮ್ಮವರು ಮರುಕದಿಂದ ಹೇಳುತ್ತಾರೆ. ನನಗೆ ಮಾತ್ರ ಆ ಹ್ಯಾನೋವರಿನ ಕೆಲಸಗಾರನ ನೆನಪೇ ಹೆಚ್ಚು ಬರುತ್ತದೆ, ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುವವರ ಕಷ್ಟಗಳ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದ್ದಾರೆ. ಅವಕಾಶ ಸಿಗದಿರುವುದು, ಸಿನಿಮಾದ್ದಲ್ಲದ ಹಾಡನ್ನು ಕೇಳುವವರು ಕಡಿಮೆ ಎನ್ನುವುದು, ಹಾಡು ಮುಗಿದ ಮೇಲೆ ‘ಚೆನ್ನಾಗಿತ್ತು, ಯಾವ ಪಿಕ್ಚರ್‌ದು ಇದು?’ ಎಂದು ಕೇಳಿಸಿಕೊಳ್ಳುವುದು ನಿಮಗೆಲ್ಲ ಗೊತ್ತಿರುವ ಕಷ್ಟಗಳೇ. ಇದೇ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 1998ರಲ್ಲಿ ಅಂತರಾಗ್ನಿ ತಂಡ ಕಟ್ಟಿದವರು, ಅವರ ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ. ನಡುವಿನ ಹತ್ತು ವರ್ಷ ಕಾಯುವ ತಾಳ್ಮೆ ಎಷ್ಟು ಜನಕ್ಕೆ ಇರುತ್ತದೆ, ಇದ್ದರೂ ಮನೆಯವರು ಕಾಯಲು ಬಿಡುತ್ತಾರೆಯೇ ಎಂಬುದು ಬೇರೆಯದೇ ಮಾತು. ಆದರೆ ಅವಕಾಶ ಸಿಗದೆ ಸೋತವರಿಗಿಂತ ಅವಕಾಶ ಸಿಕ್ಕ ದಿನವೇ ಸೋತವರನ್ನು ನಾನು ಹೆಚ್ಚಾಗಿ ಕಂಡಿದ್ದೇನೆ, ಅವರ ಪೈಕಿ ಮೊದಲನೆಯವನು ನಾನೇ. ಆದ್ದರಿಂದ ಇವತ್ತು ಸಹಿ ಮತ್ತು ಹೆಸರು ಎಂಬ ಎರಡು ಸಂಗತಿಗಳನ್ನೇ ಹಿಡಿದು ಮಾತನಾಡುತ್ತೇನೆ.

2009ರಲ್ಲಿ ನನ್ನ ಎಂಟು ಹಾಡುಗಳನ್ನು ಬೆಂಗಳೂರಿನ ಒಂದು ಆಡಿಯೊ ಕಂಪನಿ ತೆಗೆದುಕೊಂಡಿತು. ಕಂಪನಿಯ ಹೆಸರು ಇಲ್ಲಿ ಬೇಡ, ಅದು ಮಾಡಿದ್ದು ಆಗ ಎಲ್ಲರೂ ಮಾಡುತ್ತಿದ್ದುದನ್ನೇ. ಕಚೇರಿಯಲ್ಲಿ ಕಾಫಿ ಕೊಟ್ಟರು, ಗೋಡೆಯ ಮೇಲಿದ್ದ ಹಿರಿಯ ಗಾಯಕರ ಫೋಟೊಗಳನ್ನು ತೋರಿಸಿದರು, ನಂತರ ಮೂರು ಪುಟದ ಕರಾರು ಪತ್ರವನ್ನು ಮುಂದಿಟ್ಟರು. ಮೊದಲ ಪುಟ ಛಾಪಾ ಕಾಗದ, ಉಳಿದೆರಡು ಬಿಳಿ ಹಾಳೆ, ಭಾಷೆ ಇಂಗ್ಲಿಷ್. ಅದರಲ್ಲಿ ನಾನು ಗಮನವಿಟ್ಟು ಓದಿದ್ದು ಒಂದೇ ಸಾಲು, 25,000 ರೂಪಾಯಿ ಎಂದು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದಿದ್ದ ಸಾಲು. ಮಿಕ್ಕ ಸಾಲುಗಳಲ್ಲಿ ಏನಿತ್ತು ಎಂಬುದನ್ನು ನಾನು ಓದಿ ಅರ್ಥ ಮಾಡಿಕೊಂಡದ್ದು ಏಳು ವರ್ಷಗಳ ನಂತರ. ಹಾಡುಗಳ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಈ ಮೂರನ್ನೂ, ಈಗ ಇರುವ ಮತ್ತು ಮುಂದೆ ಹುಟ್ಟಬಹುದಾದ ಎಲ್ಲ ಮಾಧ್ಯಮಗಳಿಗೆ, ಶಾಶ್ವತವಾಗಿ, ಇಡೀ ಬ್ರಹ್ಮಾಂಡಕ್ಕೆ ಅನ್ವಯವಾಗುವಂತೆ ನಾನು ಬರೆದುಕೊಟ್ಟಿದ್ದೆ. ಬ್ರಹ್ಮಾಂಡ ಎನ್ನುವುದು ನನ್ನ ಉತ್ಪ್ರೇಕ್ಷೆ ಅಲ್ಲ, ಆ ಪದ ಪತ್ರದಲ್ಲೇ ಇತ್ತು. ಮಂಗಳ ಗ್ರಹದಲ್ಲಿ ಯಾರಾದರೂ ನನ್ನ ಹಾಡು ಗುನುಗಿದರೂ ಕಾಸು ಕಂಪನಿಗೇ ಸೇರತಕ್ಕದ್ದು. ಕಾಲರ್ ಟ್ಯೂನ್‌ಗೆ ಮಾತ್ರ ಒಂದು ಪ್ರತ್ಯೇಕ ಪ್ಯಾರಾವನ್ನೇ ಇಟ್ಟಿದ್ದರು, ಏಕೆಂದರೆ ಆಗ ನಿಜವಾದ ದುಡ್ಡು ಇದ್ದದ್ದು ಅಲ್ಲಿ.

ಎಂಟು ಹಾಡುಗಳ ಧ್ವನಿಮುದ್ರಣಕ್ಕೆ, ಅಂದರೆ ಸ್ಟುಡಿಯೊ ಬಾಡಿಗೆ, ತಬಲಾ, ಕೊಳಲು, ಗಿಟಾರ್ ಕಲಾವಿದರ ಸಂಭಾವನೆ, ಮಿಕ್ಸಿಂಗ್ ಎಲ್ಲ ಸೇರಿ, ನಾನು ಆ 25,000 ರೂಪಾಯಿಯ ಮೂರು ಪಟ್ಟು ಖರ್ಚು ಮಾಡಿದ್ದೆ. ಇದು ಏಕೆ ಮುಖ್ಯವೆಂದರೆ, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಹಾಡಿನೊಳಗೆ ಹಲವು ಆಸ್ತಿಗಳಿವೆ. ಸಾಹಿತ್ಯ ಒಂದು ಕೃತಿ, ಅದರ ಕರ್ತೃ ಕವಿ. ರಾಗ ಸಂಯೋಜನೆ ಇನ್ನೊಂದು ಕೃತಿ, ಅದರ ಕರ್ತೃ ಸಂಯೋಜಕ. ಇವೆರಡಕ್ಕೂ ಕರ್ತೃವಿನ ಜೀವಮಾನ ಮತ್ತು ಅನಂತರದ 60 ವರ್ಷ ರಕ್ಷಣೆಯಿದೆ. ಇವೆರಡನ್ನೂ ಹಾಡಿ ಮುದ್ರಿಸಿದ ಧ್ವನಿಮುದ್ರಿಕೆ ಮೂರನೆಯ ಕೃತಿ. ಅದರ ಕರ್ತೃ ಹಾಡಿದವನಲ್ಲ, ಮುದ್ರಣದ ಹೊಣೆ ಹೊತ್ತ ನಿರ್ಮಾಪಕ, ಅದರ ಆಯುಷ್ಯ ಪ್ರಕಟವಾದಂದಿನಿಂದ 60 ವರ್ಷ. ಇವಲ್ಲದೆ ಹಾಡಿದವನಿಗೆ ಪ್ರದರ್ಶಕನ ಹಕ್ಕು ಎಂಬುದು ಬೇರೆ ಇದೆ, ಅದು 50 ವರ್ಷ. ಅಂದರೆ ಬರೆದವನು, ರಾಗ ಹಾಕಿದವನು, ದುಡ್ಡು ಸುರಿದವನು, ಹಾಡಿದವನು ಎಂಬ ನಾಲ್ಕು ಕುರ್ಚಿಗಳಲ್ಲಿಯೂ ಆ ದಿನ ನಾನೊಬ್ಬನೇ ಕೂತಿದ್ದೆ. ನಾಲ್ಕನ್ನೂ ಒಂದೇ ಸಹಿಯಲ್ಲಿ ಬಿಟ್ಟುಕೊಟ್ಟು ಎದ್ದು ಬಂದೆ.

ಸುಗಮ ಸಂಗೀತದ ನಮ್ಮ ಪರಂಪರೆಯಲ್ಲಿ ಈ ಕುರ್ಚಿಗಳು ಬೇರೆಬೇರೆಯಾಗಿದ್ದವು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ ಕವಿ ಯಾರು, ಸಂಯೋಜಕ ಯಾರು ಎಂಬುದರಲ್ಲಿ ಯಾರಿಗೂ ಗೊಂದಲವಿರಲಿಲ್ಲ. ಕವಿಯ ಹೆಸರು ಹೇಳಿಯೇ ಹಾಡು ಶುರು ಮಾಡುವುದು ನಮ್ಮ ವೇದಿಕೆಗಳ ಒಳ್ಳೆಯ ರೂಢಿ. ತಾನೇ ಬರೆದು ತಾನೇ ಹಾಡುವವನು ಬಂದಾಗ ಮಾತ್ರ ಅವನನ್ನು ಬರೀ ‘ಸಿಂಗರ್’ ಎಂದು ಬರೆದುಕೊಂಡುಬಿಡುತ್ತಾರೆ. ಅವನೂ ಅಷ್ಟಕ್ಕೇ ಹಿಗ್ಗುತ್ತಾನೆ.

ಕಾನೂನಿನ ಇತಿಹಾಸವನ್ನು ಪೂರ್ತಿ ಹೇಳುವ ಉದ್ದೇಶ ನನಗಿಲ್ಲ, ಆದರೆ ಎರಡು ಇಸವಿಗಳನ್ನು ಬರೆದುಕೊಳ್ಳಿ. 1977ರಲ್ಲಿ, ಗೀತರಚನೆಕಾರರ ಮತ್ತು ಸಂಯೋಜಕರ ಸಂಸ್ಥೆಯಾದ ಐಪಿಆರ್‌ಎಸ್ ಹಾಗೂ ಚಿತ್ರ ನಿರ್ಮಾಪಕರ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ನಿರ್ಮಾಪಕ ಹಣ ಕೊಟ್ಟು ಬರೆಸಿದ ಸಂಗೀತಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕನೇ ಮೊದಲ ಒಡೆಯ ಎಂದಿತು. ಅದೇ ತೀರ್ಪಿಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸೇರಿಸಿದ ಟಿಪ್ಪಣಿಯೊಂದಿದೆ. ಭಾರತೀಯ ಸಂಗೀತದ ಜೀವವೇ ಆಗಿರುವ ಹಾಡುಗಾರನಿಗೆ ಈ ಕಾಯ್ದೆಯಲ್ಲಿ ಜಾಗವೇ ಇಲ್ಲವಲ್ಲ ಎಂದು ಅವರು ಅದರಲ್ಲಿ ಮರುಗಿದ್ದಾರೆ. ಹಾಡುಗಾರನಿಗೆ ಜಾಗ ಸಿಗಲು 1994ರ ತಿದ್ದುಪಡಿ ಬರಬೇಕಾಯಿತು, ರಾಯಲ್ಟಿ ಸಿಗಲು 2012ರವರೆಗೆ ಕಾಯಬೇಕಾಯಿತು. ಈ 2012 ನೀವು ಬರೆದುಕೊಳ್ಳಬೇಕಾದ ಎರಡನೆಯ ಇಸವಿ. ಆಗ ರಾಜ್ಯಸಭೆಯಲ್ಲಿ ನಾಮಕರಣ ಸದಸ್ಯರಾಗಿದ್ದ ಕವಿ ಜಾವೇದ್ ಅಖ್ತರ್ ಪಟ್ಟುಹಿಡಿದು ವಾದಿಸಿದ ಆ ತಿದ್ದುಪಡಿಯ ಪ್ರಕಾರ, ಸಾಹಿತ್ಯ ಮತ್ತು ಸಂಗೀತದ ಕರ್ತೃ ತನ್ನ ಹಕ್ಕನ್ನು ಮಾರಿದರೂ ರಾಯಲ್ಟಿಯ ಸಮಪಾಲನ್ನು ಮಾರಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರೆ ಯಾರಿಗಾದರೂ ಬರೆದುಕೊಟ್ಟರೆ ಆ ಬರಹ ನಿಲ್ಲುವುದಿಲ್ಲ. ಸಹಿ ಹಾಕುವ ದಿನ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ, ಅದರ ಹೆಸರನ್ನು ಸ್ಪಷ್ಟವಾಗಿ ಹೇಳದ ಹೊರತು, ಹಕ್ಕು ವರ್ಗವಾಗುವುದಿಲ್ಲ. ನಾನು ಸಹಿ ಹಾಕಿದ್ದು 2009ರಲ್ಲಿ. ನನಗೆ ತಪ್ಪಿದ್ದು ಮೂರೇ ವರ್ಷ.

ಹಾಗೆಂದು ಹಳೆಯ ಕಾಯ್ದೆಯೂ ತೀರಾ ಬರಿಗೈಯದ್ದಾಗಿರಲಿಲ್ಲ. ಕರಾರಿನಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ ಎಂದೇ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಕೊಂಡವನು 1 ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲವಾದರೆ, ಹಕ್ಕು ಬಿದ್ದುಹೋಗುತ್ತದೆ. 19ನೆಯ ಸೆಕ್ಷನ್ ಅದು, ಒಂದೂವರೆ ಪುಟವೂ ಇಲ್ಲ. ರಾಗ ಕಲಿಯಲು ಹತ್ತು ವರ್ಷ ಗುರುಗಳ ಮನೆಗೆ ನಡೆದ ನಾವು ಈ ಒಂದೂವರೆ ಪುಟ ಓದಲು ಒಂದು ಸಂಜೆ ಕೊಡುವುದಿಲ್ಲ.

ಇನ್ನು ಹೆಸರಿನ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಶಿಶುನಾಳ ಷರೀಫರ ಒಂದು ತತ್ವಪದವನ್ನು ಏಕತಾರಿ ಮತ್ತು ದಮ್ಮಡಿ ಎರಡನ್ನೇ ಇಟ್ಟುಕೊಂಡು ಹಾಡಿ ಯೂಟ್ಯೂಬಿಗೆ ಏರಿಸಿದೆ. ಮಟ್ಟು ನನ್ನದಲ್ಲ, ಹಾವೇರಿ ಕಡೆಯ ಭಜನಾ ಮೇಳವೊಂದರಲ್ಲಿ ರಾತ್ರಿಯೆಲ್ಲ ಕೂತು ಕೇಳಿಸಿಕೊಂಡದ್ದು, ಅವರಿಗೂ ಅದು ಅಜ್ಜಂದಿರ ಕಾಲದಿಂದ ಬಂದದ್ದು. ಮರುದಿನ ಬೆಳಿಗ್ಗೆ ಮಿಂಚಂಚೆ ಬಂತು: ಈ ವಿಡಿಯೊದಲ್ಲಿ ಬೇರೆಯವರ ಕೃತಿಸ್ವಾಮ್ಯದ ವಸ್ತುವಿದೆ, ಇದರಿಂದ ಬರುವ ಜಾಹೀರಾತು ಹಣ ಅವರಿಗೆ ಸೇರುತ್ತದೆ. ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು; ಅವರ ಸಾಹಿತ್ಯ ಎಂದೋ ಎಲ್ಲರದಾಗಿದೆ, ಹಾಡಿಕೊಂಡು ಓಡಾಡಿದ ಆ ಸಂತರಿಗೆ ಬದುಕಿದ್ದಾಗಲೂ ಅದು ಎಲ್ಲರದೇ ಆಗಿತ್ತು. ಹಾಗಾದರೆ ಕ್ಲೇಮ್ ಮಾಡಿದ್ದು ಯಾರು? ಮನುಷ್ಯರಲ್ಲ. ಅದೇ ಮಟ್ಟಿನಲ್ಲಿ ಹಿಂದೆ ಯಾರೋ ಹಾಡಿದ ಮುದ್ರಿಕೆಯೊಂದನ್ನು ಅದರ ಒಡೆತನದ ಕಂಪನಿ ಕಂಟೆಂಟ್ ಐಡಿ ಎಂಬ ಯಂತ್ರದ ಉಗ್ರಾಣಕ್ಕೆ ಕೊಟ್ಟಿತ್ತು, ಯಂತ್ರ ಎರಡನ್ನೂ ಹೋಲಿಸಿ ನೋಡಿ ಒಂದೇ ಎಂದಿತು.

ನಾನು ಆಕ್ಷೇಪಣೆ ಸಲ್ಲಿಸಿದೆ. ಉತ್ತರ ಕೊಡಲು ಅವರಿಗೆ 30 ದಿನಗಳ ಕಾಲಾವಕಾಶವಿರುತ್ತದೆ. 29ನೆಯ ದಿನ ಕ್ಲೇಮ್ ಹಿಂತೆಗೆದುಕೊಂಡರು, ಒಂದು ಸಾಲಿನ ವಿವರಣೆಯೂ ಇಲ್ಲದೆ. ಇದನ್ನು ಗೆಲುವು ಎಂದುಕೊಳ್ಳಬೇಡಿ. ಎರಡು ತಿಂಗಳ ನಂತರ ಮತ್ತೊಂದು ಕಂಪನಿಯಿಂದ ಅದೇ ಹಾಡಿಗೆ ಇನ್ನೊಂದು ಕ್ಲೇಮ್ ಬಂತು.

ಇಲ್ಲಿ ನನ್ನ ಪಾಲಿನ ಎಚ್ಚರವನ್ನೂ ಹೇಳಬೇಕು, ಇಲ್ಲವಾದರೆ ಕಥೆ ಏಕಪಕ್ಷೀಯವಾಗುತ್ತದೆ. ಷರೀಫರ ಪದಗಳು ಎಲ್ಲರವು, ನಿಜ. ಆದರೆ ಅವುಗಳಿಗೆ ಸಿ. ಅಶ್ವತ್ಥ್ ಹಾಕಿದ ರಾಗ ಸಂಯೋಜನೆಗಳು ಎಲ್ಲರವಲ್ಲ. 2009ರ ಡಿಸೆಂಬರಿನಲ್ಲಿ ತೀರಿಕೊಂಡ ಅಶ್ವತ್ಥರ ಸಂಯೋಜನೆಗಳಿಗೆ 2069ರ ಕೊನೆಯವರೆಗೆ ರಕ್ಷಣೆಯಿದೆ. ಬೇಂದ್ರೆಯವರ ಸಾಹಿತ್ಯಕ್ಕೆ 2041ರ ತನಕ, ಕುವೆಂಪು ಅವರದಕ್ಕೆ 2054ರ ತನಕ. ‘ಜಾನಪದ’ ಎಂದು ಬರೆದು ಪಾರಾಗುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಎಷ್ಟೋ ಹಾಡುಗಳು ಬದುಕಿರುವ ಸಂಯೋಜಕರದು ಎಂಬುದು ಗೊತ್ತಿದ್ದೂ ಹಾಗೆ ಬರೆಯುತ್ತೇವೆ. ಕಂಪನಿಗಳ ಮೇಲೆ ಸಿಟ್ಟು ಮಾಡಿಕೊಳ್ಳುವ ನಾವು, ಪಕ್ಕದ ಊರಿನ ಸಂಯೋಜಕನ ಹೆಸರನ್ನು ನುಂಗಿ ಹಾಕುವಾಗ ಯಾವ ಕಂಪನಿಗೂ ಕಡಿಮೆಯವರಲ್ಲ.

ಈಗ ಹ್ಯಾನೋವರಿನ ಕೆಲಸಗಾರ. ಇವತ್ತು ಸ್ಪಾಟಿಫೈ, ಜಿಯೊಸಾವನ್ ಮೊದಲಾದ ಕಡೆಗೆ ನಾವು ನೇರವಾಗಿ ಹಾಡು ಕಳುಹಿಸಲು ಆಗುವುದಿಲ್ಲ, ನಡುವೆ ವಿತರಕ ಕಂಪನಿಯೊಂದು ಬೇಕು. ಅದು ವರ್ಷಕ್ಕಿಷ್ಟು ಎಂದು ಶುಲ್ಕ ತೆಗೆದುಕೊಳ್ಳುತ್ತದೆ ಅಥವಾ ಬಂದುದರಲ್ಲಿ ಪಾಲು ಹಿಡಿಯುತ್ತದೆ. ಹಾಡಿನ ಜೊತೆಗೆ ಒಂದು ಅರ್ಜಿ ತುಂಬಬೇಕು. ಪ್ರತಿ ಮುದ್ರಿಕೆಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ ಮತ್ತು ಅಂಕಿಗಳ ಸಂಕೇತ ಕೊಡುತ್ತಾರೆ. ಸಾಹಿತ್ಯ ಯಾರದು, ಸಂಗೀತ ಯಾರದು, ಯಾರು ಏನು ನುಡಿಸಿದರು ಎಂಬ ಖಾನೆಗಳಿರುತ್ತವೆ. ನಾನು ಮೊದಲ ನಾಲ್ಕು ಹಾಡುಗಳನ್ನು ಕಳುಹಿಸಿದ್ದು ರಾತ್ರಿ ಒಂದು ಗಂಟೆಗೆ, ನಿದ್ದೆಗಣ್ಣಿನಲ್ಲಿ. ಗಾಯಕ ಎಂಬ ಖಾನೆ ಬಿಟ್ಟು ಮಿಕ್ಕವನ್ನು ಖಾಲಿ ಬಿಟ್ಟೆ. ಸಾಲದ್ದಕ್ಕೆ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಒಮ್ಮೆ ಒಂದು ‘ಎ’ ಇಟ್ಟು, ಇನ್ನೊಮ್ಮೆ ಎರಡು ‘ಎ’ ಇಟ್ಟು, ಮತ್ತೊಮ್ಮೆ ಮಧ್ಯೆ ‘ಎಚ್’ ತೂರಿಸಿ ಬರೆದಿದ್ದೆ. ಕನ್ನಡದಲ್ಲಿ ಒಂದೇ ರೀತಿ ಬರೆಯುವ ಹೆಸರು ಇಂಗ್ಲಿಷಿಗೆ ಹೋದೊಡನೆ ಮೂರಾಗಿತ್ತು, ಯಂತ್ರದ ಕಣ್ಣಿಗೆ ನಾನು ಮೂವರು ಬೇರೆಬೇರೆ ಗಾಯಕನಾದೆ. ಮೂರರಲ್ಲಿ ಒಂದು ಹೆಸರು ತಮಿಳಿನ ಇನ್ನೊಬ್ಬ ಗಾಯಕರದೂ ಆಗಿದ್ದರಿಂದ ನನ್ನ ಎರಡು ಹಾಡುಗಳು ಅವರ ಪುಟದಲ್ಲಿ ಹೋಗಿ ಕೂತವು. ಅವರ ಅಭಿಮಾನಿಗಳು ಪಾಪ, ಇದೇಕೆ ಕನ್ನಡದಲ್ಲಿ ಹಾಡತೊಡಗಿದರು ಎಂದುಕೊಂಡಿರಬೇಕು. ಅದನ್ನು ಸರಿಪಡಿಸಲು ಐದು ತಿಂಗಳು ಹಿಡಿಯಿತು. 1902ರ ಗಾಯಕಿಗೆ ಗೊತ್ತಿದ್ದ ಉಪಾಯ ನನಗೆ ಗೊತ್ತಿರಲಿಲ್ಲ.

ಹಣದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಸಲ ಕೇಳಿದರೆ ಇಷ್ಟು ಪೈಸೆ ಎಂಬ ಗೊತ್ತಾದ ದರ ಇಲ್ಲ. ಚಂದಾ ಮತ್ತು ಜಾಹೀರಾತಿನಿಂದ ಬಂದ ಹಣವೆಲ್ಲ ಒಂದೇ ಹುಂಡಿಗೆ ಬೀಳುತ್ತದೆ, ತಿಂಗಳ ಕೊನೆಗೆ ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಆ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ಧಾರವಾಡದ ಒಬ್ಬ ಕೇಳುಗರು ಚಂದಾ ಕಟ್ಟಿ ತಿಂಗಳೆಲ್ಲ ನನ್ನ ಹಾಡನ್ನು ಮಾತ್ರ ಕೇಳಿದರೂ ಅವರ ಹಣದ ಬಹುಪಾಲು ಹೋಗುವುದು ಆ ತಿಂಗಳು ಎಲ್ಲೆಡೆ ಮೊಳಗಿದ ಸಿನಿಮಾ ಹಾಡುಗಳಿಗೇ. ಅದೂ ಅಲ್ಲದೆ 2024ರಿಂದ ಸ್ಪಾಟಿಫೈ ಒಂದು ನಿಯಮ ತಂದಿದೆ: ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಮುದ್ರಿಕೆಗೆ ಆ ಹುಂಡಿಯಿಂದ ಏನೂ ಇಲ್ಲ. ನನ್ನ ಹನ್ನೊಂದು ಹಾಡುಗಳಲ್ಲಿ ಏಳು ಈ ಗೆರೆಯ ಕೆಳಗಿವೆ. ಸಣ್ಣ ಮೊತ್ತಗಳನ್ನು ಹಂಚುವುದರಲ್ಲಿ ಅರ್ಥವಿಲ್ಲ ಎಂಬ ಅವರ ವಾದವನ್ನು ನಾನು ಒಪ್ಪುವುದಿಲ್ಲ. ಒಬ್ಬೊಬ್ಬರ ಹತ್ತಿರ ಹತ್ತು ರೂಪಾಯಿ ಉಳಿಸಿಕೊಂಡ ಕಿರಾಣಿ ಅಂಗಡಿಯವರಿಗೂ ಅದರ ಲೆಕ್ಕ ಗೊತ್ತಿರುತ್ತದೆ.

ಆದರೆ ನನ್ನ ದೊಡ್ಡ ನಷ್ಟ ಅಲ್ಲಿ ಆಗಿದ್ದಲ್ಲ. ವಿತರಕರು ಕಳುಹಿಸುವುದು ಧ್ವನಿಮುದ್ರಿಕೆಯ ಹಣ ಮಾತ್ರ. ಸಾಹಿತ್ಯ ಮತ್ತು ಸಂಗೀತದ ಹಣ ಬೇರೆಯ ದಾರಿಯಲ್ಲಿ, 1969ರಲ್ಲಿ ಸ್ಥಾಪನೆಯಾದ, ಹೊಸ ಕಾಯ್ದೆಯಡಿ 2017ರಲ್ಲಿ ಮತ್ತೆ ನೋಂದಣಿಯಾದ ಐಪಿಆರ್‌ಎಸ್ ಮೂಲಕ ಬರಬೇಕು. ಹಾಡುಗಾರನ ಪಾಲಿಗಾಗಿ 2013ರಲ್ಲಿ ನೋಂದಣಿಯಾದ ಗಾಯಕರ ಸಂಘ ಇನ್ನೊಂದಿದೆ. ಸದಸ್ಯನಾಗಿ ಹಾಡುಗಳನ್ನು ನಮೂದಿಸದವನನ್ನು ಈ ಸಂಘಗಳು ಹುಡುಕಿಕೊಂಡು ಬರುವುದಿಲ್ಲ. ಒಂದೇ ಅಂಗಿಗೆ ಮೂರು ಜೇಬು ಇವೆ ಎಂಬುದು ತಿಳಿಯದೆ, ಆರು ವರ್ಷ ನಾನು ಒಂದೇ ಜೇಬಿಗೆ ಕೈ ಹಾಕಿಕೊಂಡು ‘ಏನೂ ಬರುವುದಿಲ್ಲ ಸ್ವಾಮಿ ಇದರಲ್ಲಿ’ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ವೇದಿಕೆಯ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನವೆಂಬರ್ ಬಂದರೆ ನಮಗೆ ಸುಗ್ಗಿ. ಶಾಲು, ಹಾರ, ಫಲತಾಂಬೂಲ, ನೆನಪಿನ ಕಾಣಿಕೆ ಎಲ್ಲ ಸಿಗುತ್ತದೆ. ಸಂಭಾವನೆಯ ಮಾತು ಬಂದಾಗ ‘ಕನ್ನಡದ ಕೆಲಸ ಅಲ್ಲವೇ’ ಎನ್ನುತ್ತಾರೆ; ಶಾಮಿಯಾನದವರಿಗೂ ಮೈಕಿನವರಿಗೂ ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ. ಹೊರದೇಶದ ಕನ್ನಡ ಕೂಟವೊಂದು ಒಮ್ಮೆ ವಿಮಾನದ ಟಿಕೆಟ್ಟನ್ನೇ ಸಂಭಾವನೆ ಎಂದು ತಿಳಿದುಕೊಳ್ಳಲು ವಿನಂತಿಸಿತು. ನಾನು ಹೋದೆ, ಅದೂ ನಿಜ. ಊರು ನೋಡುವ ಆಸೆಯಿತ್ತು.

ಹಳೆಯ ಎಂಟು ಹಾಡುಗಳ ಕಥೆ ಏನಾಯಿತು ಎಂದು ಕಾರ್ಯಕ್ರಮಕ್ಕೆ ಮುಂಚೆಯೇ ಒಬ್ಬರು ಕೇಳಿದರು. ಅವು ಇನ್ನೂ ಕಂಪನಿಯಲ್ಲೇ ಇವೆ. ಹಕ್ಕನ್ನು ಹಿಂದಕ್ಕೆ ಕೊಳ್ಳಲು ಕೇಳಿಕೊಂಡೆ, ನನಗೆ ಕೊಟ್ಟಿದ್ದರ ಹತ್ತು ಪಟ್ಟು ಹೇಳಿದರು. ಅವುಗಳಲ್ಲೊಂದು, ನನ್ನ ತಾಯಿ ತೀರಿಕೊಂಡ ವರ್ಷ ಬರೆದದ್ದು. ಅದನ್ನು ಮನೆಯಲ್ಲಿ ಹಾಡಿಕೊಳ್ಳುತ್ತೇನೆ. ಇಂಟರ್‌ನೆಟ್ಟಿಗೆ ಹಾಕುವುದಿಲ್ಲ, ಹಾಕಿದರೆ ಮರುದಿನ ನನ್ನ ಹಾಡಿನ ಮೇಲೆ ನನಗೇ ಕ್ಲೇಮ್ ಬರುತ್ತದೆ. ಆ ಕ್ಲೇಮ್ ಕಾನೂನಿನ ಪ್ರಕಾರ ಸರಿಯಾಗಿಯೇ ಇರುತ್ತದೆ ಎಂಬುದು ನನಗೆ ಆಗುವ ಹೆಚ್ಚಿನ ಸಂಕಟ.

(ಉಪನ್ಯಾಸ ಇಲ್ಲಿಗೆ ಮುಗಿಯಿತು. ಆಮೇಲೆ ನಡೆದ ಒಂದು ಸಂಗತಿಯನ್ನು ಬರಹಕ್ಕೆ ಸೇರಿಸುತ್ತಿದ್ದೇನೆ.)

ಸಭಾಂಗಣದ ಮೆಟ್ಟಿಲಿನ ಹತ್ತಿರ ಒಬ್ಬ ಹುಡುಗ ನನಗಾಗಿ ಕಾಯುತ್ತಿದ್ದ. ಒಳಗೆ ಎಲ್ಲರೆದುರು ಕೇಳಲು ಸಂಕೋಚವಾಯಿತಂತೆ. ‘ಸಾರ್, ನಾನು ಆಗ್ಲೇ ಸೈನ್ ಮಾಡ್ಬಿಟ್ಟಿದ್ದೀನಿ’ ಎಂದ. ಒಂದೇ ಹಾಡು, ಸಾಹಿತ್ಯ, ಸಂಗೀತ, ಗಾಯನ ಎಲ್ಲ ಅವನದೇ. ಕರಾರಿನ ಪ್ರತಿ ಮನೆಯಲ್ಲಿತ್ತು, ಫೋಟೊ ಫೋನಿನಲ್ಲಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಅದನ್ನು ಹಿಗ್ಗಿಸಿ ಹಿಗ್ಗಿಸಿ ಓದಿದೆವು. ಯಾವುದೋ ಹಳೆಯ ನಮೂನೆಯನ್ನು ಅವಸರದಲ್ಲಿ ನಕಲು ಮಾಡಿದ ಪತ್ರ ಅದು. ಹಕ್ಕುಗಳ ಪಟ್ಟಿ ಉದ್ದಕ್ಕಿತ್ತು, ಪ್ರದೇಶದ ಮಾತೂ ಇತ್ತು. ಆದರೆ ಎಷ್ಟು ಕಾಲಕ್ಕೆ ಎಂಬ ಮಾತು ಮೇಲಿನಿಂದ ಕೆಳಗಿನವರೆಗೆ ಎಲ್ಲಿಯೂ ಇರಲಿಲ್ಲ. ಎರಡನೆಯ ಸಲ ಓದಿದೆವು, ಆಗಲೂ ಸಿಗಲಿಲ್ಲ.

‘ತಾರೀಖು ಎಷ್ಟಿದೆ ನೋಡಪ್ಪ’ ಎಂದೆ. ನೋಡಿದ. ಬೆರಳಿನಲ್ಲಿ ಎಣಿಸಿದ. ಸಹಿ ಹಾಕಿ 3 ವರ್ಷ 8 ತಿಂಗಳಾಗಿತ್ತು.

‘ಹಂಗಾದ್ರೆ ಇನ್ನು ಹದಿನಾರು ತಿಂಗಳು, ಅಲ್ವಾ ಸಾರ್?’

ನಾನು ವಕೀಲನಲ್ಲ, ಒಬ್ಬ ವಕೀಲರಿಗೆ ಇದನ್ನು ತೋರಿಸಿಯೇ ಮುಂದುವರಿಯಬೇಕು, ಅಲ್ಲಿಯವರೆಗೆ ಕಂಪನಿಯವರು ‘ತಿದ್ದುಪಡಿ’ ಎಂದು ಯಾವ ಹೊಸ ಹಾಳೆ ಕಳುಹಿಸಿದರೂ ಸಹಿ ಹಾಕಬಾರದು ಎಂದು ಹೇಳಿದೆ. ಆತ ತಲೆಯಾಡಿಸಿದ. ಆಮೇಲೆ ಫೋನಿನಲ್ಲಿ ಕ್ಯಾಲೆಂಡರ್ ತೆರೆದು, ತಿಂಗಳುಗಳನ್ನು ಒಂದೊಂದಾಗಿ ಸರಿಸುತ್ತ ಹೋಗಿ, ಆ ದಿನದ ಚೌಕದಲ್ಲಿ ಹಾಡಿನ ಹೆಸರನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡ.